ದೊಡ್ಡಣ್ಣನವರ ಕಿವಿ

ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ ಬೋರನಕಟ್ಟೆ ತೆಂಗು ಬೆಳೆಗಾರರ ಸಂಘದ ಕಂಪ್ಯೂಟರು ಕಟಕ್ ಎಂದಿತು. ಎಂದಿದ್ದು ಒಂದೇ ಸಲ. ಆದರೆ ಅಡುಗೆಮನೆಯಲ್ಲಿ ಸೊಸೆ ಒಂದೇ ಸಲ ಪಾತ್ರೆ ಕುಕ್ಕಿದರೂ ಅತ್ತೆಗೆ ಅರ್ಥವಾಗುವ ಹಾಗೆ ಗುಮಾಸ್ತ ಶಿವಮೂರ್ತಿಗೆ ಅದು ಅರ್ಥವಾಯಿತು. ಪರದೆ ನೀಲಿಯಾಗಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬೈದು, ಆರಿಹೋಯಿತು.

ಮತ್ತೆ ಹಚ್ಚಿದ. ಐದು ನಿಮಿಷ ನಡೆದು ಮತ್ತೆ ಕಟಕ್. ಇನ್ನೊಮ್ಮೆ ಹಚ್ಚಿದ, ಈ ಸಲ ಮೂರೇ ನಿಮಿಷ. ಹದಿನೈದು ದಿನದಿಂದ ದಿನಕ್ಕೊಂದು ಸಲ ಮುನಿಸಿಕೊಳ್ಳುತ್ತಿದ್ದ ಯಂತ್ರ ಇವತ್ತೇ ಹಟ ಹಿಡಿದು ಕೂರಬೇಕೆ ಎಂದು ಅವನಿಗೆ ಅಳು ಬರುವುದೊಂದು ಬಾಕಿ.

ಯಾಕೆಂದರೆ ಇವತ್ತು ಮೂರು ಗಂಟೆಗೆ ತುರುವೇಕೆರೆಯಿಂದ ಸಹಕಾರ ಇಲಾಖೆಯ ಸಾಹೇಬರು ತನಿಖೆಗೆ ಬರುವವರಿದ್ದರು. ಸಂಘದ ಸಾವಿರದ ನೂರನಲವತ್ತು ಸದಸ್ಯರ ಪಟ್ಟಿ, ಯಾರ ತೋಟದಲ್ಲಿ ಎಷ್ಟು ಮರ, ಎಷ್ಟು ಸಸಿ, ಎಲ್ಲ ಕಂಪ್ಯೂಟರಿನಲ್ಲಿ ಇದೆಯೇ ಎಂದು ಅವರು ನೋಡುವುದು. ಇದ್ದರೆ, ಅದನ್ನು ಎರಡು ವರ್ಷ ಕೂತು ತುಂಬಿಸಿದ ಶಿವಮೂರ್ತಿಯನ್ನು ಖಾಯಂ ಮಾಡುವ ಠರಾವಿಗೆ ಅಧ್ಯಕ್ಷ ದೊಡ್ಡಣ್ಣನವರು ಅವರ ಎದುರಲ್ಲೇ ಸಹಿ ಹಾಕುವುದು ಎಂದು ತೀರ್ಮಾನವಾಗಿತ್ತು. ಹನ್ನೊಂದು ವರ್ಷದಿಂದ ಶಿವಮೂರ್ತಿ ಹಂಗಾಮಿ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಹೆಂಡತಿ ಆಶಾ ಮೂರು ವರ್ಷದ ಹಿಂದೆಯೇ ಹಾಲ್ಕುರಿಕೆಯ ತವರಿನಲ್ಲಿ ‘ನಮ್ಮನೆಯವರದು ಪರ್ಮನೆಂಟಾಯ್ತು’ ಎಂದು ಹೇಳಿ ಒಬ್ಬಟ್ಟು ಹಂಚಿಬಿಟ್ಟಿದ್ದಳು. ಅಲ್ಲಿಂದೀಚೆಗೆ ಅವನು ಮಾವನ ಮನೆಗೆ ಹೋದಾಗಲೆಲ್ಲ ಖಾಯಂ ನೌಕರನ ಹಾಗೆ ನಡೆಯಬೇಕಾಗುತ್ತಿತ್ತು. ಅದು ಹೇಗೆ ನಡೆಯುವುದೋ ಗೊತ್ತಿಲ್ಲದೆ ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದ. ಬಂದ ಮೇಲೆ ಎರಡು ದಿನ ಬೆನ್ನು ನೋಯುತ್ತಿತ್ತು.

ಕಂಪ್ಯೂಟರು ಕೆಟ್ಟ ಸುದ್ದಿ ಒಂಬತ್ತಾಗುವ ಮೊದಲೇ ಊರಿನಲ್ಲಿ ಹರಡಿ, ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಅವರಲ್ಲಿ ಮುಕ್ಕಾಲು ಮಂದಿ ಕಂಪ್ಯೂಟರನ್ನು ಮುಟ್ಟಿದವರಲ್ಲ. ಔಷಧಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಸಂಘದ ಕಾರ್ಯದರ್ಶಿ ಬಸವರಾಜು, ಇದು ಶಾಖ, ಒದ್ದೆ ಗೋಣಿಚೀಲ ಹೊದಿಸು ಎಂದ. ಒಬ್ಬರು ಬಿಸಿಲಿಗಿಡು ಎಂದರು. ಕಚೇರಿ ಗುಡಿಸುವ ಅಂಕಮ್ಮ ಯಾರನ್ನೂ ಕೇಳದೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಅಲ್ಲೇ ಮೂಲೆಯಲ್ಲಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮುತ್ತ ಹೊರಗೆ ಓಡಿದರು. ಆ ಹೊತ್ತಿನಲ್ಲಿ ಕಂಪ್ಯೂಟರು ಹನ್ನೆರಡು ನಿಮಿಷ ಸುಸೂತ್ರ ನಡೆದದ್ದರಿಂದ ಅಂಕಮ್ಮನ ಬಾಯಿ ಮುಚ್ಚಿಸಲು ಯಾರಿಂದಲೂ ಆಗಲಿಲ್ಲ.

ಕೊನೆಗೆ ಶಿವಮೂರ್ತಿ ತುರುವೇಕೆರೆಗೆ ಫೋನು ಮಾಡಿ ಶೌಕತ್ ಅಲಿಯನ್ನು ಕರೆಸಿದ. ಶೌಕತ್ ಅಲಿ ಹೊಲಿಗೆ ಯಂತ್ರದಿಂದ ಪಂಪ್‌ಸೆಟ್ಟಿನವರೆಗೆ ಎಲ್ಲ ರಿಪೇರಿ ಮಾಡಿ, ಕಾಲ ಬದಲಾಯಿತೆಂದು ತಿಪಟೂರಿನಲ್ಲಿ ಆರು ತಿಂಗಳು ಕಂಪ್ಯೂಟರನ್ನೂ ಕಲಿತಿದ್ದ ಮನುಷ್ಯ. ಮಾತು ಕಡಿಮೆ. ಬಂದವನೇ ಪೆಟ್ಟಿಗೆ ಬಿಚ್ಚಿದ. ಒಳಗೆ ಒಂದು ಇಲಿ ಗೋದಾಮಿನಿಂದ ತೆಂಗಿನ ನಾರು ತಂದು ಗೂಡು ಕಟ್ಟಿಕೊಂಡಿತ್ತು. ಪಾಪ, ಅದೊಂದೇ ಆ ಕಚೇರಿಯಲ್ಲಿ ಖಾಯಮ್ಮಾಗಿ ನೆಲೆ ನಿಂತ ಜೀವ ಎಂದು ಶಿವಮೂರ್ತಿಗೆ ಅನ್ನಿಸಿತು.

ಗೂಡು ತೆಗೆದು, ಧೂಳು ಊದಿ, ಮೆಮೊರಿಯ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿ ನೋಡಿದ್ದಾಯಿತು. ಕಟಕ್. ಫ್ಯಾನು ಬಿಚ್ಚಿ ಎಣ್ಣೆ ಬಿಟ್ಟು ನೋಡಿದ್ದಾಯಿತು. ಕಟಕ್. ಆಗ ಶೌಕತ್ ಅಲಿ ಪುಸ್ತಕದ ಗಾತ್ರದ ಒಂದು ಕಬ್ಬಿಣದ ಡಬ್ಬಿಯ ಮೇಲೆ ಎರಡು ಬೆರಳಿಟ್ಟು, ನಾಡಿ ಹಿಡಿದ ವೈದ್ಯನ ಹಾಗೆ ತಲೆ ಅಲ್ಲಾಡಿಸಿದ.

“ಹಾರ್ಡ್ ಡಿಸ್ಕು ಹೋಗ್ತಾ ಐತೆ ಮೂರ್ತಣ್ಣ,” ಎಂದ. “ನಿಮ್ ಪಟ್ಟಿ ಎಲ್ಲಾ ಇದ್ರೊಳ್ಗೇ ಇರೋದು. ಉಸ್ರು ಇರೋವಾಗ್ಲೇ ಇನ್ನೊಂದಕ್ಕೆ ಎತ್ತಾಕ್ಬುಡ್ಬೇಕು. ನಿಂತೋದ್ರೆ ನನ್ ಕೈಲಾಗಲ್ಲ.”

ಅವನು ಚೀಲದಿಂದ ಇನ್ನೊಂದು ಡಿಸ್ಕು ತೆಗೆದ. ಅದೂ ಅದೇ ಗಾತ್ರ, ಅದೇ ಬಣ್ಣ, ಬಳಸಿದ್ದೇ; ಆದರೆ ಗಟ್ಟಿಯಾಗಿದೆ ಎಂದು ಭರವಸೆ ಕೊಟ್ಟ. ಎರಡನ್ನೂ ತಂತಿಯಲ್ಲಿ ಜೋಡಿಸಿ ನಕಲು ಮಾಡಲು ಹಚ್ಚಿದ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯ ಹಾಗೆ ತೆವಳತೊಡಗಿತು. ಆ ಪಟ್ಟಿಯ ಜೊತೆಗೆ ಶಿವಮೂರ್ತಿಯ ಪ್ರಾಣವೂ ತೆವಳುತ್ತಿತ್ತು. ನಡುವೆ ಆರು ಸಲ ಕಟಕ್ ಎಂದು ನಿಂತು, ಆರು ಸಲ ಮತ್ತೆ ಹೊರಟು, ಅಂತೂ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ದಡ ಸೇರಿತು. ಹನ್ನೆರಡಕ್ಕೆ ಸರಿಯಾಗಿ ಕರೆಂಟು ಹೋಯಿತು. ಅದು ದಿನವೂ ಹೋಗುವ ಕರೆಂಟು, ಮೂರಕ್ಕೇ ಬರುವುದು.

ಶೌಕತ್ ಅಲಿ ಎರಡೂ ಡಿಸ್ಕುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಜುಮ್ಮಾ ನಮಾಜಿಗೆ ಹೊತ್ತಾಗಿತ್ತು. ಬಲಗಡೆಯದು ಹೊಸದು, ಎಡಗಡೆಯದು ಹಳೆಯದು, ಯಾವುದನ್ನೂ ಮುಟ್ಟಬೇಡಿ, ಎರಡೂವರೆಗೆ ಬಂದು ಕೂರಿಸುತ್ತೇನೆ ಎಂದು ಎರಡೆರಡು ಸಲ ಹೇಳಿ ಮೊಪೆಡ್ ಹತ್ತಿದ. ಶಿವಮೂರ್ತಿ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತ. ಒಂದು ಗಂಟೆಯ ತನಕ ಕೂತೇ ಇದ್ದ. ಆಮೇಲೆ ಹೊಟ್ಟೆ ಕೇಳಲಿಲ್ಲ, ಹಿಂದಿನ ಜಗುಲಿಗೆ ಹೋಗಿ ಬುತ್ತಿ ಬಿಚ್ಚಿದ. ಮುದ್ದೆ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅಂಕಮ್ಮ ಸಾಹೇಬರು ಬರುತ್ತಾರೆಂದು ಮೇಜು ಒರೆಸಿ, ಹೊಸ ಬಟ್ಟೆ ಹಾಸಿ, ಎರಡೂ ಡಿಸ್ಕುಗಳನ್ನು ತೊಟ್ಟು ತೆಗೆದ ಎಳನೀರುಗಳ ಜೊತೆ ಮೊರದಲ್ಲಿಟ್ಟಿದ್ದಳು. ಬಲ ಯಾವುದು ಎಡ ಯಾವುದು ಎಂದು ಕೇಳಿದರೆ, ಮೊರಕ್ಕೆ ಎಂಥಾ ಎಡಬಲ ಎಂದು ಅವಳೇ ತಿರುಗಿ ಕೇಳಿದಳು.

ಆಗಲೇ ಫೋನು ಬಡಿದುಕೊಂಡಿತು. ಸಾಹೇಬರಿಗೆ ಸಂಜೆ ಬೇರೆ ಕೆಲಸವಂತೆ, ಆಗಲೇ ಹೊರಟಿದ್ದಾರೆ, ಎರಡು ಗಂಟೆಗೆಲ್ಲ ಅಲ್ಲಿರುತ್ತಾರೆ. ಮೊಬೈಲು ಇನ್ನೂ ತುರುವೇಕೆರೆಯ ಇಬ್ಬರು ಗುತ್ತಿಗೆದಾರರ ಸೊಂಟದಲ್ಲಷ್ಟೇ ಇದ್ದ ಕಾಲ. ಮಸೀದಿಯಲ್ಲಿರುವ ಶೌಕತ್ ಅಲಿಯನ್ನು ಕೂಗಿ ಕರೆಯುವ ದಾರಿ ಇರಲಿಲ್ಲ.

ಇಸ್ತ್ರಿ ಅಂಗಿ ತೊಟ್ಟು ಬಂದ ಅಧ್ಯಕ್ಷ ದೊಡ್ಡಣ್ಣನವರಿಗೆ ಶಿವಮೂರ್ತಿ ನಡೆದದ್ದನ್ನು ತೊದಲುತ್ತ ಹೇಳಿದ. ಯುಪಿಎಸ್ ಎಂಬ ಡಬ್ಬಿಯಲ್ಲಿ ಹತ್ತು ನಿಮಿಷದ ಕರೆಂಟಿದೆ, ಒಂದೊಂದನ್ನೇ ಹಾಕಿ ನೋಡಿಬಿಡೋಣ ಎಂದ. ಇರುವುದೇ ಹತ್ತು ನಿಮಿಷ, ಅದು ಸಾಹೇಬರಿಗಿರಲಿ ಎಂದು ದೊಡ್ಡಣ್ಣನವರು ತಳ್ಳಿಹಾಕಿದರು. ತಮ್ಮ ಹತ್ತಿರ ಕರೆಂಟು ಬೇಡದ ಪರೀಕ್ಷೆ ಇದೆ ಎಂದು ಅವರ ಮುಖವೇ ಹೇಳುತ್ತಿತ್ತು.

ಈ ಸೀಮೆಯಲ್ಲಿ ಕೊಬ್ಬರಿಗೆಂದು ಇಳಿಸಿದ ಕಾಯಿಯನ್ನು ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾದ ಮೇಲೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡ್ ಲೊಡ್ ಎನ್ನುತ್ತದೆ. ಲೊಡ್ ಎಂದರೆ ಗಿಟುಕಾಗಿದೆ, ಒಡೆಯಬಹುದು. ಸುಮ್ಮನಿದ್ದರೆ ಹಸಿ, ಮತ್ತೆ ಅಟ್ಟಕ್ಕೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ದೊಡ್ಡಣ್ಣನವರ ಕಿವಿಯೇ ಬೇರೆ. ತಿಪಟೂರಿನ ಮಂಡಿಯವರು, ಹುಳಿಯಾರಿನ ವರ್ತಕರು ಕಾರು ಕಳಿಸಿ ಆ ಕಿವಿಯನ್ನು ಕರೆಸಿಕೊಳ್ಳುತ್ತಿದ್ದರು. ಅದರ ಮೇಲಿನ ಭರವಸೆಯಿಂದ ಅವರು ಬ್ಯಾಟರಿ ಸೆಲ್ಲು, ಔಷಧಿಯ ಬಾಟಲಿ, ಗಡಿಯಾರ, ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿ ತೀರ್ಪು ಕೊಡುತ್ತಿದ್ದರು. ಸಂಘದ ಚುನಾವಣೆಯಲ್ಲಿ ಮತಪೆಟ್ಟಿಗೆಯನ್ನೇ ಅಲ್ಲಾಡಿಸಿ, ತಾವು ಗೆದ್ದೆವೆಂದು ಎಣಿಕೆಗೆ ಮೊದಲೇ ಹೇಳಿದ್ದರು. ಎಣಿಸಿದ ಮೇಲೂ ಅವರೇ ಗೆದ್ದದ್ದರಿಂದ ಆ ಕಿವಿಗೆ ಯಾರೂ ಎದುರಾಡುವಂತಿರಲಿಲ್ಲ.

ದೊಡ್ಡಣ್ಣನವರು ಮೊರದಿಂದ ಒಂದು ಡಿಸ್ಕು ಎತ್ತಿ, ಕಣ್ಣು ಮುಚ್ಚಿ, ಬಲಗಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದನ್ನು ಅಲ್ಲಾಡಿಸಿದರು. ಸಣ್ಣಗೆ, ಆದರೆ ಸ್ಪಷ್ಟವಾಗಿ, ಲೊಡ್ ಎಂದಿತು.

“ಇದು ಆಗೈತೆ,” ಎಂದರು. “ಅದಿನ್ನೂ ಹಸಿ. ಇದ್ನ ಹಾಕ್ಲಾ.”

ಬಸವರಾಜುವೂ ಎರಡನ್ನೂ ಅಲ್ಲಾಡಿಸಿ ಹೌದು ಹೌದು ಎಂದ. ಅವನು ಅಲ್ಲಾಡಿಸುವುದಕ್ಕೆ ಮೊದಲೇ ಹೌದು ಎನ್ನತೊಡಗಿದ್ದನ್ನು ಶಿವಮೂರ್ತಿ ಗಮನಿಸಿದ. ಶಿವಮೂರ್ತಿಯೇನು ಎಂಜಿನಿಯರಲ್ಲ, ಆದರೆ ಕಂಪ್ಯೂಟರಿನ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿದವನು. ಒಳಗೆ ಕನ್ನಡಿಯಂಥ ಬಿಲ್ಲೆ, ಅದರ ಮೇಲೆ ಕೂದಲೆಳೆಯ ಅಂತರದಲ್ಲಿ ಓಡಾಡುವ ಮುಳ್ಳು. ಅಂಥಾದ್ದರಲ್ಲಿ ಏನೋ ಸಡಿಲಾಗಿ ಲೊಡ್ ಎನ್ನುತ್ತದೆಂದರೆ ಕೆಟ್ಟಿರುವುದು ಅದೇ ಎಂದು ಎಂಥ ದಡ್ಡನಿಗೂ ಗೊತ್ತಾಗುತ್ತದೆ. ಹಾಗೆಂದು ಬಾಯಿ ಬಿಟ್ಟು, “ಅಣ್ಣ, ಇದು ತೆಂಗಿನಕಾಯಲ್ಲ...” ಎನ್ನುವಷ್ಟರಲ್ಲಿ ದೊಡ್ಡಣ್ಣನವರು ಅವನನ್ನು ಒಂದು ಸಲ ನೋಡಿದರು. ಆ ನೋಟದ ಹಿಂದೆ ಅವರ ಜೇಬಿತ್ತು, ಜೇಬಿನಲ್ಲಿ ಠರಾವಿತ್ತು. ಶಿವಮೂರ್ತಿ ಬಾಯಿ ಮುಚ್ಚಿಕೊಂಡು, ಬೆಳಿಗ್ಗೆ ನೋಡಿ ಕಲಿತ ಹಾಗೆ ಲೊಡ್ ಎಂದ ಡಿಸ್ಕಿಗೆ ತಂತಿ ಚುಚ್ಚಿದ.

ಅಧ್ಯಕ್ಷರು, ಕಾರ್ಯದರ್ಶಿ, ಅಂಕಮ್ಮ, ಎಲ್ಲರೂ ಹಾರ ಹಿಡಿದು ರಸ್ತೆಗೆ ಹೋದರು. ಕಚೇರಿಯಲ್ಲಿ ಶಿವಮೂರ್ತಿ ಒಬ್ಬನೇ ಉಳಿದ.

ಆಗ ಅವನಿಗೆ ಜೀವನದಲ್ಲಿ ಮೊದಲ ಸಲ ಧೈರ್ಯ ಬಂತು. ಬರಬಾರದ ಹೊತ್ತಿನಲ್ಲಿ ಬಂದರೂ ಧೈರ್ಯ ಧೈರ್ಯವೇ. ಯಾರದೋ ಕಿವಿಗಾಗಿ ತನ್ನ ಹನ್ನೊಂದು ವರ್ಷ ಮಣ್ಣುಪಾಲಾಗಬೇಕೆ? ಸರಸರನೆ ತಂತಿ ಕಿತ್ತು, ಲೊಡ್ ಎಂದದ್ದನ್ನು ತೆಗೆದು, ಸುಮ್ಮನಿದ್ದದ್ದನ್ನು ಕೂರಿಸಿ, ಪೆಟ್ಟಿಗೆ ಮುಚ್ಚಿದ. ಮನಸ್ಸು ಹಗುರಾಗಿತ್ತು. ದೊಡ್ಡಣ್ಣನವರ ಮಾತೂ ನಡೆದ ಹಾಗಾಯಿತು, ಕೆಲಸವೂ ಕೆಡಲಿಲ್ಲ, ಹಾವೂ ಸತ್ತಿತು ಕೋಲೂ ಮುರಿಯಲಿಲ್ಲ ಎಂದುಕೊಂಡ.

ಒಂದೇ ತೊಡಕು. ಲೊಡ್ ಎನ್ನುವ ಡಿಸ್ಕು ಈಗ ಹೊರಗಿತ್ತು. ದೊಡ್ಡಣ್ಣನವರು ಕೈಗೆ ಸಿಕ್ಕಿದ್ದನ್ನು ಅಲ್ಲಾಡಿಸದೆ ಬಿಡುವವರಲ್ಲ. ಅಲ್ಲಾಡಿಸಿದರೆ ಲೊಡ್ ಎನ್ನುತ್ತದೆ, ಗುಟ್ಟು ರಟ್ಟಾಗುತ್ತದೆ. ಜೇಬಿಗೆ ಹಾಕಿದ, ಅಂಗಿ ಜೋತುಬಿತ್ತು. ಬೀರುವಿನ ಬೀಗದ ಕೈ ಬಸವರಾಜುವಿನ ಉಡಿದಾರದಲ್ಲಿತ್ತು. ಹೊರಗೆ ಜೀಪಿನ ಸದ್ದು ಕೇಳಿಸಿತು. ಹೇಗೂ ಕೆಟ್ಟದ್ದು ತಾನೆ, ಹಾಳಾಗಿ ಹೋಗಲಿ ಎಂದು ಕಿಟಕಿಯಾಚೆ ಕೈ ಚಾಚಿ, ತಟ್ಟಿ ಹೆಣೆಯಲು ತೆಂಗಿನ ಗರಿ ನೆನೆಹಾಕಿದ್ದ ಕಲ್ಲುತೊಟ್ಟಿಗೆ ಬಿಟ್ಟುಬಿಟ್ಟ. ಗುಳುಂ ಎಂದಿತು. ಆ ಸದ್ದು ಅವನಿಗೆ ಬಹಳ ಹಿತವಾಗಿ ಕೇಳಿಸಿತು.

ಸಾಹೇಬರು ಹಾರ ಹಾಕಿಸಿಕೊಂಡು, ಎರಡು ಎಳನೀರು ಕುಡಿದು, ಒಳಗಿನ ಎಳೆ ಗಂಜಿಯನ್ನೂ ಕೆರೆದು ತಿಂದು, ಕಂಪ್ಯೂಟರಿನ ಮುಂದೆ ಕೂತರು. ಶಿವಮೂರ್ತಿ ದೇವರನ್ನು ನೆನೆದು ಗುಂಡಿ ಒತ್ತಿದ. ಯಂತ್ರ ಗುಂಯ್ಯೆಂದು ಎದ್ದಿತು. ಪರದೆ ಬೆಳಗಿತು. ಸದಸ್ಯರ ಪಟ್ಟಿ, ಅಕ್ಷರ ಅಕ್ಷರವಾಗಿ, ಮರ ಮರವಾಗಿ ಬಂದು ನಿಂತಿತು. ದೊಡ್ಡಣ್ಣನವರು ತಮ್ಮ ಬಲಗಿವಿಯನ್ನು ಒಮ್ಮೆ ಮೆಲ್ಲಗೆ ಸವರಿಕೊಂಡರು. ಅದನ್ನು ನೋಡಿ ಶಿವಮೂರ್ತಿಗೆ ಒಳಗೊಳಗೇ ನಗು ಬಂತು. ಪಾಪ, ಮುದುಕರು, ನಂಬಿಕೊಂಡಿರಲಿ ಎಂದು ಔದಾರ್ಯವೂ ಬಂತು.

ಸಾಹೇಬರು ಮೆಚ್ಚಿ ತಲೆಯಾಡಿಸಿದರು. ದೊಡ್ಡಣ್ಣನವರು ಠರಾವು ತೆಗೆದು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ಬಿಚ್ಚಿದರು. ಶಿವಮೂರ್ತಿಯ ಎದೆ ತಾನಾಗಿಯೇ ಮುಂದೆ ಬಂತು, ಮತ್ತು ಈ ಸಲ ಬೆನ್ನು ನೋಯಲಿಲ್ಲ. ಸುಮ್ಮನೆ ಒಂದು ಹೆಸರು ಹುಡುಕಿ ನೋಡೋಣ ಎಂದರು ಸಾಹೇಬರು. ಬಾಗಿಲಲ್ಲಿ ನಿಂತಿದ್ದ ಮುದುಕಿ ಕೊಲ್ಲಾಪುರಮ್ಮನ ಹೆಸರನ್ನು ಶಿವಮೂರ್ತಿ ಒತ್ತಿದ.

ಕಟಕ್.

ಆಮೇಲೆ ಕಟಕ್ ಕಟಕ್. ಪರದೆ ನೀಲಿಯಾಯಿತು, ಕಪ್ಪಾಯಿತು. ಮತ್ತೆ ಹಚ್ಚಿದರೆ ಕಟಕ್ ಎನ್ನುವುದನ್ನೂ ಬಿಟ್ಟು, ಕಿರ್ರನೆ ಒಂದು ಸಲ ಅರಚಿ, ಶಾಶ್ವತವಾಗಿ ಸುಮ್ಮನಾಯಿತು. ದೊಡ್ಡಣ್ಣನವರ ಪೆನ್ನು ಕಾಗದದ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು.

ಅದೇ ಹೊತ್ತಿಗೆ ಶೌಕತ್ ಅಲಿ ಬಂದ. ನೆರೆದಿದ್ದವರ ಮುಖ ನೋಡಿದವನು ಯಾರನ್ನೂ ಏನೂ ಕೇಳದೆ ಪೆಟ್ಟಿಗೆ ಬಿಚ್ಚಿ ಡಿಸ್ಕು ಹೊರತೆಗೆದ. ತೆಗೆದು, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿದ. ಸದ್ದಿಲ್ಲ.

“ಇದು ಹಳೇದು ಕಣ್ರೀ. ಯಾರು ಇದನ್ನ ಹಾಕಿದ್ದು?” ಎಂದ. “ಇದ್ರ ಮುಳ್ಳು ಆಫ್ ಆದ್ರೆ ಒಳಗೇ ಕಚ್ಕೊಳ್ತದೆ, ಅದ್ಕೇ ಅಲ್ಲಾಡಲ್ಲ. ಈ ಕಂಪ್ನಿದು ಚೆನ್ನಾಗಿದ್ರೆ ಆಫ್ ಆದಾಗ ಮುಳ್ಳು ಪಕ್ಕಕ್ ಸರೀತದೆ, ಸಣ್ಣಗೆ ಲೊಡ್ ಅಂತದೆ.”

ದೊಡ್ಡಣ್ಣನವರು ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಮಠದ ಸ್ವಾಮಿಗಳಿಗೆ ಪಾದಪೂಜೆಯಾಗುವಾಗ ಇರುವಂಥ ಶಾಂತಿಯಿತ್ತು. ಲೊಡ್ ಎಂದದ್ದನ್ನೇ ಹಾಕಿಸಿದ್ದೆ ಎಂದು ಅವರು ಸಾಹೇಬರಿಗೆ ಹೇಳಿದರು. ಬಸವರಾಜು, ತಾನೂ ಅಲ್ಲಾಡಿಸಿ ನೋಡಿದ್ದೆ, ಲೊಡ್ ಎಂದದ್ದನ್ನೇ ಹಾಕಿದ್ದು ಎಂದು ಸಾಕ್ಷಿ ಹೇಳಿದ. ಹಾಗಾದರೆ ಅದು ಎಲ್ಲಿ, ಕೊಡಿ, ಎರಡು ನಿಮಿಷದಲ್ಲಿ ಕೂರಿಸುತ್ತೇನೆ, ಪಟ್ಟಿ ಪೂರ್ತಿ ಅದರಲ್ಲಿದೆ ಎಂದ ಶೌಕತ್ ಅಲಿ.

ಎಲ್ಲರೂ ಶಿವಮೂರ್ತಿಯನ್ನು ನೋಡಿದರು. ಅವನಿಗೆ ಸುಳ್ಳೊಂದು ಹೊಳೆಯಲಿ ಎಂದು ಎಷ್ಟು ಬೇಡಿಕೊಂಡರೂ ಹೊಳೆಯಲಿಲ್ಲ. ಎದ್ದು, ಹಿಂದಿನ ಬಾಗಿಲಿನಿಂದ ಹೋಗಿ, ಕಲ್ಲುತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ, ಗರಿಗಳ ನಡುವೆ ತಡಕಾಡಿ, ಡಿಸ್ಕು ಹಿಡಿದುಕೊಂಡು ಬಂದ. ನಡೆದು ಬಂದ ದಾರಿಯುದ್ದಕ್ಕೂ ಅದು ತೊಟ್ಟಿಕ್ಕುತ್ತಿತ್ತು.

ದೊಡ್ಡಣ್ಣನವರು ಅದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗುಳುಗುಳು ಎಂದಿತು.

“ಗಿಟುಕಾಗಿದ್ದುದ್ನ ಎಳನೀರು ಮಾಡ್ಬುಟ್ಟೆ ಕಣ್ಲಾ,” ಎಂದರು.

ಶಿವಮೂರ್ತಿ ಅವರ ಕಾಲಿಗೆ ಬಿದ್ದ. ಪಟ್ಟಿ ಹೋದರೆ ಹೋಗಲಿ, ಹಗಲೂ ರಾತ್ರಿ ಕೂತು ಮತ್ತೆ ತುಂಬಿಸುತ್ತೇನೆ, ಸಹಿ ಒಂದು ಹಾಕಿಬಿಡಿ ಎಂದು ಕೇಳಿಕೊಂಡ. ಹಾಲ್ಕುರಿಕೆಯ ಒಬ್ಬಟ್ಟಿನ ವಿಷಯವನ್ನೂ ನಾಚಿಕೆ ಬಿಟ್ಟು ಹೇಳಿದ. ದೊಡ್ಡಣ್ಣನವರು ಅವನ ಭುಜ ಹಿಡಿದು ಎಬ್ಬಿಸಿದರು. ಪಟ್ಟಿ ಹೋದದ್ದಕ್ಕೆ ತಮಗೆ ಬೇಸರವಿಲ್ಲ ಎಂದರು.

“ಪಟ್ಟಿ ಇನ್ನೊಂದ್ ಸಲ ಬರ್ಕೋಬೋದು. ನನ್ ಕಿವೀನೇ ನಂಬ್ದೇ ಇರೋನ್ನ ನಾನ್ ಹೆಂಗಪ್ಪ ಖಾಯಂ ಮಾಡ್ಲಿ?” ಎಂದು ಠರಾವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡರು.

ಸಾಹೇಬರು ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ದೊಡ್ಡಣ್ಣನವರ ಕಿವಿಯನ್ನೇ ನೋಡುತ್ತಿದ್ದರು. ತಾಲ್ಲೂಕಿನ ಹದಿನಾಲ್ಕು ಸಂಘಗಳಲ್ಲಿ ಕಂಪ್ಯೂಟರು ಕೆಟ್ಟು ಕೂತಿವೆ, ನೋಡುವವರಿಲ್ಲ, ಇಲ್ಲಿ ನೋಡಿದರೆ ಬಿಚ್ಚದೆ, ಕರೆಂಟಿಲ್ಲದೆ, ಒಂದು ಕಾಸು ಖರ್ಚಿಲ್ಲದೆ ರೋಗ ಹೇಳುವ ಮನುಷ್ಯ ಎಂದು ಅವರು ಉಬ್ಬಿಹೋದರು. ಶೌಕತ್ ಅಲಿ ಏನೋ ಹೇಳಲು ಹೋದ. ಅವನನ್ನು ಕೈಸನ್ನೆಯಿಂದ ಸುಮ್ಮನಿರಿಸಿ, ಈಗಲೇ ಒಂದು ಸುತ್ತೋಲೆ ಹೊರಡಿಸಬೇಕು, ಯಾರಾದರೂ ಬರೆದುಕೊಳ್ಳಿ ಎಂದರು. ಕಂಪ್ಯೂಟರು ಸತ್ತಿದ್ದರಿಂದ ಕೈಯಲ್ಲೇ ಬರೆಯಬೇಕಾಗಿತ್ತು. ಕೈಬರಹ ಚೆನ್ನಾಗಿದ್ದವನು ಶಿವಮೂರ್ತಿ ಒಬ್ಬನೇ.

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೂತ. ಸಾಹೇಬರು ಹಿಂದೆ ಕೈ ಕಟ್ಟಿಕೊಂಡು ಅತ್ತಿಂದಿತ್ತ ನಡೆಯುತ್ತ ಹೇಳಿದರು, ಅವನು ಬರೆದ. ತಾಲ್ಲೂಕಿನ ಎಲ್ಲ ಸಂಘಗಳೂ ತಮ್ಮ ಕಂಪ್ಯೂಟರುಗಳನ್ನು ತಿಂಗಳಿಗೊಮ್ಮೆ ಬೋರನಕಟ್ಟೆಗೆ ತಂದು, ಮಾನ್ಯ ಅಧ್ಯಕ್ಷರ ಕಿವಿಗೆ ಒಪ್ಪಿಸತಕ್ಕದ್ದು. ಸದ್ದು ಬಂದವನ್ನು ಉಳಿಸಿಕೊಂಡು, ಬಾರದವನ್ನು ವಿಲೇವಾರಿ ಮಾಡತಕ್ಕದ್ದು. ಪೆಟ್ಟಿಗೆಗಳನ್ನು ಗಾಡಿಯಿಂದ ಇಳಿಸಿ, ಅಲ್ಲಾಡಿಸಿಯಾದ ಮೇಲೆ ಮತ್ತೆ ಗಾಡಿಗೆ ಏರಿಸುವ ಕೆಲಸಕ್ಕೆ ಸದರಿ ಸಂಘದ ಹಂಗಾಮಿ ಗುಮಾಸ್ತ ಶಿವಮೂರ್ತಿಯನ್ನು ಮುಂದಿನ ಆದೇಶದವರೆಗೆ ನಿಯೋಜಿಸಲಾಗಿದೆ.

ಪೆನ್ನು ‘ಸದರಿ ಸಂಘದ’ ಎನ್ನುವಲ್ಲಿಗೆ ಬಂದು ನಿಂತಿತು. ಸಾಹೇಬರು ನಡೆಯುವುದನ್ನು ನಿಲ್ಲಿಸಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಹಂಗಾಮಿ ಅಂತ ಹಾಕ್ರಿ,” ಎಂದರು. “ಯಾಕ್ರೀ ನಿಲ್ಸಿದ್ರಿ?”